ಬುಟ್ಟಿಚೆಂಡಿನ ಜನಕ ಜೇಮ್ಸ್ ನೈಸ್ಮಿತ್

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಗರಡಿಮನೆಯೆಂದರೆ ಹಿಂದಿನವರಿಗೆ ಗುಡಿಯಷ್ಟೇ ಪೂಜ್ಯವಾದ ಸ್ಥಳವಾಗಿತ್ತು. ಒಳಗೆ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ, ಗೂಡಿನಲ್ಲಿ ಆಂಜನೇಯ, ಗೋಡೆಗೆ ಒರಗಿಸಿದ ಮರದ ಲೋಡುಗಳು, ಬಾಗಿಲ ಬಳಿ ಎತ್ತುವ ಗುಂಡುಕಲ್ಲು. ಇಷ್ಟೇ ಅಲ್ಲಿಯ ಸಲಕರಣೆ. ಈ ಲೋಡುಗಳಿಗೆ ಒಂದು ದೇಶಾಂತರದ ಕಥೆಯೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿನ ಗರಡಿಗಳಲ್ಲಿ ಇವುಗಳನ್ನು ತಿರುಗಿಸುವುದನ್ನು ಕಂಡ ಬ್ರಿಟಿಷ್ ಸೇನಾಧಿಕಾರಿಗಳು ಅದನ್ನು ತಮ್ಮ ಸೈನಿಕರಿಗೂ ಕಲಿಸಿದರು. ಇಂಗ್ಲೆಂಡಿನಲ್ಲಿ ಈ ಸಾಧನೆಯನ್ನು ನೋಡಿದ ಸೈಮನ್ ಕೀಹೊ ಎಂಬಾತನು 1860ರ ದಶಕದಲ್ಲಿ ಇದನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದನು. ಅಲ್ಲಿ ಅವಕ್ಕೆ ಇಂಡಿಯನ್ ಕ್ಲಬ್ ಎಂಬ ಹೆಸರು ನಿಂತಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಈ ಲೋಡುಗಳು, ಡಂಬೆಲ್‌ಗಳು, ಪ್ಯಾರಲಲ್ ಬಾರ್‌ಗಳು ಅಮೆರಿಕದ ವ್ಯಾಯಾಮಶಾಲೆಗಳನ್ನು ತುಂಬಿದವು. ಆದರೆ ಸಲಕರಣೆ ಹೆಚ್ಚಿದ ಹಾಗೆ ಉತ್ಸಾಹವೂ ಹೆಚ್ಚಿತೆಂದು ಹೇಳುವಂತಿರಲಿಲ್ಲ. ಇಂಥ ಸಾಮಗ್ರಿಗಳ ನಡುವೆ ನಿಂತು, ಬೇಸತ್ತ ಹದಿನೆಂಟು ಮಂದಿ ತರುಣರ ಮುಖವನ್ನು ನೋಡಿ, ಇವರಿಗೆ ಬೇಕಾದುದು ಬೇರೆಯೇ ಏನೋ ಇದೆಯೆಂದು ತಿಳಿದ ಒಬ್ಬ ಶಿಕ್ಷಕನಿಂದ ಹೊಸ ಆಟವೊಂದು ಹುಟ್ಟಿತು. ಆ ಆಟವೇ ಬ್ಯಾಸ್ಕೆಟ್‌ಬಾಲ್. ಆ ಶಿಕ್ಷಕರೇ ಜೇಮ್ಸ್ ನೈಸ್ಮಿತ್.

ನೈಸ್ಮಿತ್ ಅವರು ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಆಲ್ಮಾಂಟ್ ಎಂಬ ಊರಿನ ಸಮೀಪದಲ್ಲಿ. ಮನೆತನದ ಮೂಲ ಸ್ಕಾಟ್ಲೆಂಡ್. ತಂದೆ ಜಾನ್ ನೈಸ್ಮಿತ್ ಮರ ಕೊಯ್ಯುವ ಕಾರ್ಖಾನೆಯ ಕೆಲಸದವರು, ತಾಯಿ ಮಾರ್ಗರೆಟ್. ಬಾಲಕನಿಗೆ ಒಂಬತ್ತು ವರ್ಷ ತುಂಬುವ ವೇಳೆಗೆ ಮನೆಯ ಮೇಲೆ ಸಿಡಿಲೇ ಎರಗಿತು. 1870ರಲ್ಲಿ ವಿಷಮಶೀತಜ್ವರವು ತಂದೆಯನ್ನೂ ತಾಯಿಯನ್ನೂ ಕೆಲವೇ ವಾರಗಳ ಅಂತರದಲ್ಲಿ ಕೊಂಡೊಯ್ದಿತು. ಅನಾಥರಾದ ಮಕ್ಕಳನ್ನು ಸೋದರಮಾವ ಪೀಟರ್ ಯಂಗ್ ತನ್ನ ಹೊಲಮನೆಯಲ್ಲಿ ಸಾಕಿದನು.

ಮಾವ ಕಠಿಣ ಸ್ವಭಾವದ ರೈತ. ಪ್ರೀತಿಯನ್ನು ಮಾತಿನಲ್ಲಿ ತೋರಿಸುವವನಲ್ಲ. ಒಮ್ಮೆ ಹೆಪ್ಪುಗಟ್ಟಿದ ನದಿಯ ಮೇಲೆ ಕುದುರೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾಗ ಮಂಜುಗಡ್ಡೆ ಒಡೆದು ಕುದುರೆಗಳು ನೀರಿಗೆ ಬಿದ್ದುವಂತೆ. ಬಾಲಕ ಜೇಮ್ಸ್ ಹೆಣಗಾಡಿ ಅವುಗಳನ್ನು ದಡಕ್ಕೆ ಎಳೆದು ತಂದು ನೋಡುತ್ತಾನೆ, ಮರಗಳ ಮರೆಯಲ್ಲಿ ಮಾವ ನಿಂತಿದ್ದಾನೆ! ಎಲ್ಲವನ್ನೂ ಕಂಡಿದ್ದರೂ ನೆರವಿಗೆ ಬಂದಿರಲಿಲ್ಲ. ಸಿಕ್ಕಿಕೊಂಡವನು ತಾನೇ ಬಿಡಿಸಿಕೊಳ್ಳಬೇಕೆಂಬುದು ಆ ಮನೆಯ ಪಾಠವಾಗಿತ್ತು. ಇದನ್ನು ನಿರ್ದಯೆಯೆನ್ನಬೇಕೋ ಶಿಕ್ಷಣವೆನ್ನಬೇಕೋ, ಹೇಳುವುದು ಕಷ್ಟ. ಅಂತೂ ಹುಡುಗ ಬೇಡುವುದನ್ನು ಕಲಿಯಲಿಲ್ಲ, ಮಾಡಿಕೊಳ್ಳುವುದನ್ನು ಕಲಿತ. ಓರಗೆಯ ಮಕ್ಕಳು ಮಂಜಿನ ಮೇಲೆ ಜಾರುವ ಸ್ಕೇಟ್‌ಗಳನ್ನು ಕಟ್ಟಿಕೊಂಡು ಆಡುತ್ತಿದ್ದಾಗ ಅವನಲ್ಲಿ ಅವು ಇರಲಿಲ್ಲ. ಮಾವನನ್ನು ಕೇಳಲು ಮನಸ್ಸು ಬಾರದೆ ಎರಡು ಹಳೆಯ ಅರಗಳನ್ನು ಹುಡುಕಿ, ಗಟ್ಟಿಮರದ ಪಟ್ಟಿಗಳಲ್ಲಿ ಅವುಗಳನ್ನು ಕೂಡಿಸಿ, ತನ್ನ ಸ್ಕೇಟ್‌ಗಳನ್ನು ತಾನೇ ಸಿದ್ಧಪಡಿಸಿಕೊಂಡನು. ಕೈಗೆ ಸಿಕ್ಕುವ ವಸ್ತುವಿನಲ್ಲಿಯೇ ಬೇಕಾದ ಗುಣವನ್ನು ಗುರುತಿಸುವ ಕಣ್ಣು ಅವನಿಗೆ ಅಂದಿನಿಂದಲೇ ಇತ್ತು.

ಆ ಊರಿನ ಮಕ್ಕಳು ಬಿಡುವಿನಲ್ಲಿ ಒಂದು ಆಟ ಆಡುತ್ತಿದ್ದರು. ಅದು ಹಲವಂಶಗಳಲ್ಲಿ ನಮ್ಮ ಲಗೋರಿಯನ್ನು ನೆನಪಿಗೆ ತರುತ್ತದೆ. ಒಂದು ದೊಡ್ಡ ಬಂಡೆಯ ಮೇಲೆ ಚಿಕ್ಕ ಕಲ್ಲೊಂದನ್ನು ಇಟ್ಟು, ಒಬ್ಬ ಹುಡುಗ ಕಾವಲು ನಿಲ್ಲುವನು. ಉಳಿದವರು ದೂರದಿಂದ ತಮ್ಮ ಕಲ್ಲುಗಳನ್ನು ಎಸೆದು ಅದನ್ನು ಉರುಳಿಸಬೇಕು. ಬಳಿಕ ತಮ್ಮ ಕಲ್ಲನ್ನು ಎತ್ತಿಕೊಂಡು ಕಾವಲುಗಾರನ ಕೈಗೆ ಸಿಗದೆ ಓಡಿ ಬರಬೇಕು. ಬಲವಾಗಿ ನೇರಕ್ಕೆ ಎಸೆದವನ ಕಲ್ಲು ಗುರಿ ತಪ್ಪಿದರೆ ಬಹುದೂರ ಹೋಗಿ ಬೀಳುತ್ತಿತ್ತು, ಅವನು ಸಿಕ್ಕಿಬೀಳುತ್ತಿದ್ದನು. ಮೇಲಕ್ಕೆ ಕಮಾನಿನಂತೆ ಮೆಲ್ಲನೆ ಎಸೆದವನ ಕಲ್ಲು ಹತ್ತಿರದಲ್ಲೇ ಬೀಳುತ್ತಿತ್ತು, ಅವನು ಪಾರಾಗುತ್ತಿದ್ದನು. ಈ ಬಾಲ್ಯದ ಆಟವನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಇಪ್ಪತ್ತು ವರ್ಷಗಳ ತರುವಾಯ ಅದು ಫಲ ಕೊಟ್ಟಿತು.

ಹದಿನೈದರ ವಯಸ್ಸಿನಲ್ಲಿ ಜೇಮ್ಸ್ ಶಾಲೆಯನ್ನು ಬಿಟ್ಟು, ಕಾಡಿನಲ್ಲಿ ಮರ ಕಡಿಯುವವರ ಜೊತೆ ಸೇರಿದನು. ಹಲವು ವರ್ಷ ಕೊಡಲಿ ಹಿಡಿದ ಮೇಲೆ, ಇಪ್ಪತ್ತರ ಹೊತ್ತಿಗೆ, ತನಗಿಂತ ಚಿಕ್ಕವರ ಜೊತೆ ಮತ್ತೆ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತನು. ಇದಕ್ಕೆ ಕೊಡಲಿ ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. 1883ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯ ಸೇರಿ 1887ರಲ್ಲಿ ಬಿ.ಎ. ಪದವಿ ಪಡೆದರು. ಅನಂತರ ಧರ್ಮಬೋಧಕನಾಗುವ ಉದ್ದೇಶದಿಂದ ಅಲ್ಲಿಯ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿದರು.

ಕಾಲೇಜಿನಲ್ಲಿ ನೈಸ್ಮಿತ್ ಅವರು ಪುಸ್ತಕದ ಹುಳುವಾಗಿದ್ದರು. ಸಹಪಾಠಿಗಳು ಒತ್ತಾಯ ಮಾಡಿ ವ್ಯಾಯಾಮಶಾಲೆಗೆ ಕರೆದೊಯ್ದ ಮೇಲೆ ಅಂಗಸಾಧನೆ, ರಗ್ಬಿ, ಲಕ್ರಾಸ್ ಎಲ್ಲದರಲ್ಲೂ ಹೆಸರು ಮಾಡಿದರು. ಕೆಲಕಾಲ ಅದೇ ವಿಶ್ವವಿದ್ಯಾನಿಲಯದಲ್ಲಿ ಅಂಗಸಾಧನೆಯ ಶಿಕ್ಷಕರೂ ಆದರು. ಧರ್ಮಶಾಸ್ತ್ರದ ವಿದ್ಯಾರ್ಥಿ ಇಂಥ ಒರಟು ಆಟ ಆಡುವುದನ್ನು ಹಿರಿಯರು ಮೆಚ್ಚುತ್ತಿರಲಿಲ್ಲ. ಶನಿವಾರದ ಆಟದಲ್ಲಿ ಪೆಟ್ಟು ತಿಂದು, ಕಪ್ಪುಗಟ್ಟಿದ ಕಣ್ಣುಗಳಿಂದಲೇ ಮರುದಿನ ದೇವಾಲಯದ ವೇದಿಕೆಯ ಮೇಲೆ ನಿಂತು ಉಪದೇಶ ಮಾಡಿದ ಪ್ರಸಂಗವೂ ನಡೆಯಿತು. ಆದರೆ ಅವರ ಮನಸ್ಸನ್ನು ತಿರುಗಿಸಿದ ಘಟನೆ ಬೇರೆ. ಒಂದು ಪಂದ್ಯದ ನಡುವೆ ಪಕ್ಕದ ಆಟಗಾರನೊಬ್ಬ ಸಿಟ್ಟಿನಲ್ಲಿ ಕೆಟ್ಟ ಮಾತೊಂದನ್ನು ಆಡಿ, ತಟ್ಟನೆ ನೈಸ್ಮಿತ್ ಅವರತ್ತ ತಿರುಗಿ ಕ್ಷಮೆ ಬೇಡಿದನು. ನೈಸ್ಮಿತ್ ಅವನಿಗೆ ಎಂದೂ ಉಪದೇಶ ಮಾಡಿದವರಲ್ಲ; ಜೊತೆಯಲ್ಲಿ ಶುದ್ಧವಾಗಿ ಆಡಿದ್ದರು, ಅಷ್ಟೇ. ವೇದಿಕೆಯಿಂದ ಮಾಡುವ ಸೇವೆಯನ್ನು ಆಟದ ಬಯಲಿನಿಂದಲೂ ಮಾಡಬಹುದೆಂಬ ಆಲೋಚನೆ ಅವರಲ್ಲಿ ಬೇರೂರಿತು. 1890ರಲ್ಲಿ ಧರ್ಮಬೋಧಕನ ವೃತ್ತಿಯನ್ನು ಬದಿಗಿಟ್ಟು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಹೊರಟರು. ತಾಯಿಯ ಸ್ಥಾನದಲ್ಲಿದ್ದ ಅಕ್ಕ ಆನಿಗೆ ಇದು ಸಹಿಸಲಾಗದ ನೋವಾಯಿತು. ತಮ್ಮನು ದೇವರ ಕೆಲಸವನ್ನು ತೊರೆದು ಆಟಕ್ಕೆ ಇಳಿದನೆಂಬ ಅವಳ ಅಸಮಾಧಾನ ಕೊನೆಯವರೆಗೂ ಪೂರ್ತಿಯಾಗಿ ಅಳಿಯಲಿಲ್ಲ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರು ಒಂದು ವರ್ಷ ವಿದ್ಯಾರ್ಥಿಯಾಗಿದ್ದು ಮರುವರ್ಷ ಶಿಕ್ಷಕರಾದರು. ಫುಟ್‌ಬಾಲ್ ತಂಡದಲ್ಲಿ ಆಡುವಾಗ ಕಿವಿಗಳು ಜಜ್ಜಿಹೋಗುತ್ತಿದ್ದುದರಿಂದ ತಲೆಗೆ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿ ರಕ್ಷಣೆ ಮಾಡಿಕೊಂಡರು. ಅಮೆರಿಕದ ಫುಟ್‌ಬಾಲಿನಲ್ಲಿ ಮುಂದೆ ಬಂದ ಶಿರಸ್ತ್ರಾಣಕ್ಕೆ ಇದು ಪೂರ್ವರೂಪವೆಂದು ಹೇಳುವುದುಂಟು.

ಆ ಶಾಲೆಯ ವ್ಯಾಯಾಮ ವಿಭಾಗದ ಮುಖ್ಯಸ್ಥರು ಲೂಥರ್ ಗ್ಯುಲಿಕ್. ಅವರಿಗೊಂದು ತಲೆನೋವು ಇತ್ತು. ಬೇಸಗೆಯಲ್ಲಿ ಬೇಸ್‌ಬಾಲ್, ಶರತ್ಕಾಲದಲ್ಲಿ ಫುಟ್‌ಬಾಲ್ ಇದ್ದುವು. ಹಿಮ ಬೀಳತೊಡಗಿದ ಮೇಲೆ ನಾಲ್ಕಾರು ತಿಂಗಳು ತರುಣರು ಒಳಾಂಗಣದಲ್ಲೇ ಇರಬೇಕು. ಅಲ್ಲಿ ಅವರಿಗೆ ದೊರೆಯುತ್ತಿದ್ದುದು ಕವಾಯತು ಮತ್ತು ಸಾಧನಗಳ ಮೇಲಿನ ಕಸರತ್ತು. ಕಾರ್ಯದರ್ಶಿಗಳಾಗಲು ತರಬೇತಿ ಪಡೆಯುತ್ತಿದ್ದ ಹದಿನೆಂಟು ಮಂದಿಯ ತರಗತಿಯೊಂದು ಇದಕ್ಕೆ ಬಂಡೆದ್ದಿತು. ಇಬ್ಬರು ಶಿಕ್ಷಕರು ಸೋತು ಕೈಬಿಟ್ಟರು. 1891ರ ಡಿಸೆಂಬರ್ ತಿಂಗಳಲ್ಲಿ ಗ್ಯುಲಿಕ್ ಆ ತರಗತಿಯನ್ನು ನೈಸ್ಮಿತ್ ಅವರಿಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವನ್ನು ಕಂಡುಹಿಡಿಯಲು ಹದಿನಾಲ್ಕು ದಿನಗಳ ಅವಧಿ ಕೊಟ್ಟರು.

ಬೇಸರಗೊಂಡವರಿಗೆ ಇನ್ನಷ್ಟು ಹೊಸ ಸಾಧನಗಳನ್ನು ತಂದುಕೊಡುವುದು ಸುಲಭದ ದಾರಿ. ನೈಸ್ಮಿತ್ ಆ ದಾರಿಯನ್ನು ಹಿಡಿಯಲಿಲ್ಲ. ದೋಷ ಲೋಡುಗಳದ್ದಲ್ಲ, ಡಂಬೆಲ್‌ಗಳದ್ದೂ ಅಲ್ಲ. ಅವು ತೋಳನ್ನು ಬಲಪಡಿಸುತ್ತವೆ, ಎದೆಯನ್ನು ಹಿಗ್ಗಿಸುತ್ತವೆ. ಆದರೆ ಆ ಬಲವನ್ನು ಯಾವುದಕ್ಕೆ ಬಳಸಬೇಕೆಂಬ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಗರಡಿಯಲ್ಲಿ ಸಾಮು ಮಾಡುವವನ ಕಣ್ಣ ಮುಂದೆ ನಾಳೆಯ ಜಾತ್ರೆಯ ಕುಸ್ತಿ ಇರುತ್ತದೆ. ಈ ತರುಣರ ಕಣ್ಣ ಮುಂದೆ ಏನೂ ಇರಲಿಲ್ಲ.

ಮೊದಲು ಅವರು ಹೊರಾಂಗಣದ ಆಟಗಳನ್ನೇ ಒಳಕ್ಕೆ ತಂದು ನೋಡಿದರು. ರಗ್ಬಿಯ ಮಾದರಿಯ ಆಟದಲ್ಲಿ ಹಲಗೆಯ ನೆಲದ ಮೇಲೆ ಬಿದ್ದು ಮೂಳೆ ಮುರಿಯುವ ಭಯ. ಸಾಕರಿನಲ್ಲಿ ಕಿಟಕಿಗಳಿಗೂ ಕಾಲುಗಳಿಗೂ ಅಪಾಯ. ಲಕ್ರಾಸ್ ಆಡಿದರೆ ಇಕ್ಕಟ್ಟಿನಲ್ಲಿ ಕೋಲುಗಳು ಕೈ ಮುಖಗಳಿಗೆ ತಗುಲುತ್ತಿದ್ದುವು. ದಿನಗಳು ಉರುಳಿದವು. ಕೊಟ್ಟ ಅವಧಿ ಮುಗಿಯುತ್ತ ಬಂದಿತು. ಸೋತೆನೆಂದು ಗ್ಯುಲಿಕ್ ಅವರ ಮುಂದೆ ಒಪ್ಪಿಕೊಳ್ಳಬೇಕಾದ ಸಂದರ್ಭ ಎದುರಾಯಿತು.

ಆಗ ನೈಸ್ಮಿತ್ ತಮ್ಮ ವಿಚಾರದ ಕ್ರಮವನ್ನು ಬದಲಿಸಿದರು. ಒಂದು ಆಟವನ್ನು ಇಡಿಯಾಗಿ ತೆಗೆದುಕೊಳ್ಳುವ ಬದಲು, ಪ್ರತಿಯೊಂದು ಆಟದ ಸಲಕರಣೆಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರು. ಚೆಂಡು ಚಿಕ್ಕದಾದರೆ ಅದನ್ನು ಹೊಡೆಯಲು ಕೋಲೋ ದಾಂಡೋ ಬೇಕು, ಅದನ್ನು ಬಳಸಲು ವರ್ಷಗಳ ಅಭ್ಯಾಸ ಬೇಕು, ಬಚ್ಚಿಟ್ಟುಕೊಳ್ಳುವುದೂ ಸುಲಭ. ಆದುದರಿಂದ ಚೆಂಡು ದೊಡ್ಡದಾಗಿರಬೇಕು, ಬರಿಗೈಯಿಂದ ಹಿಡಿಯುವಂತಿರಬೇಕು. ರಗ್ಬಿಯ ಮೊಟ್ಟೆಯಾಕಾರದ ಚೆಂಡು ಕಂಕುಳಲ್ಲಿ ಅವಿತುಕೊಳ್ಳುತ್ತದೆ, ಓಡುವವನಿಗೆ ಅನುಕೂಲ. ಸಾಕರಿನ ಗುಂಡು ಚೆಂಡು ಹಾಗಲ್ಲ. ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಅದೇ ಸರಿ. ಇನ್ನು ಒರಟುತನ ಎಲ್ಲಿಂದ ಬರುತ್ತದೆ? ಚೆಂಡನ್ನು ಹಿಡಿದು ಓಡುವವನನ್ನು ನಿಲ್ಲಿಸಬೇಕಾದರೆ ಅವನನ್ನು ಕೆಡವಲೇಬೇಕು. ಓಡುವುದನ್ನೇ ನಿಷೇಧಿಸಿದರೆ ಕೆಡಹುವ ಕಾರಣವೇ ಉಳಿಯದು. ಉಳಿದುದು ಗುರಿಯ ಪ್ರಶ್ನೆ. ನೆಲದ ಮೇಲೆ ನೆಟ್ಟಗೆ ನಿಂತ ಗುರಿಯಿದ್ದರೆ ಬಲವಾಗಿ ಹೊಡೆದವನೇ ಗೆಲ್ಲುವನು. ಇಲ್ಲಿ ಅವರಿಗೆ ಬಂಡೆಯ ಮೇಲಿನ ಕಲ್ಲಿನ ಆಟ ನೆನಪಾಯಿತು. ಗುರಿಯನ್ನು ಅಡ್ಡಲಾಗಿ, ಬಾಯಿ ಮೇಲಕ್ಕೆ ಇರುವಂತೆ ಮಲಗಿಸಿ, ಆಟಗಾರರ ತಲೆಗಿಂತ ಎತ್ತರದಲ್ಲಿ ಇಟ್ಟರೆ ಚೆಂಡನ್ನು ಕಮಾನಿನಂತೆ ಎಸೆಯದೆ ಗತಿಯಿಲ್ಲ. ಬಲಕ್ಕೆ ಬದಲಾಗಿ ಹದ ಬೇಕಾಗುತ್ತದೆ.

ಮರುದಿನ ಬೆಳಿಗ್ಗೆ ಶಾಲೆಯ ಜವಾನ ಸ್ಟೆಬಿನ್ಸ್‌ನನ್ನು ಕರೆದು, ಹದಿನೆಂಟು ಅಂಗುಲ ಅಗಲದ ಎರಡು ಪೆಟ್ಟಿಗೆಗಳಿವೆಯೇ ಎಂದು ವಿಚಾರಿಸಿದರು. ಪೆಟ್ಟಿಗೆಗಳಿರಲಿಲ್ಲ, ಉಗ್ರಾಣದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳಿದ್ದುವು. ಅವನ್ನೇ ತಂದು ವ್ಯಾಯಾಮಶಾಲೆಯ ಸುತ್ತಲೂ ಇದ್ದ ಮೇಲ್ಪಡಸಾಲೆಯ ಕಟಕಟೆಗೆ, ಎರಡೂ ತುದಿಗಳಲ್ಲಿ, ಮೊಳೆ ಹೊಡೆದು ಕೂಡಿಸಿದರು. ಆ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಬೇರೆ ಯಾವ ಲೆಕ್ಕಾಚಾರವೂ ಅದಕ್ಕೆ ಇರಲಿಲ್ಲ. ಇಂದಿಗೂ ಜಗತ್ತಿನೆಲ್ಲೆಡೆ ಬ್ಯಾಸ್ಕೆಟ್‌ಬಾಲಿನ ಬಳೆ ಹತ್ತೇ ಅಡಿ, ಎಂದರೆ 3.05 ಮೀಟರ್ ಎತ್ತರದಲ್ಲಿದೆ. ಬುಟ್ಟಿ ಸಿಕ್ಕದೆ ಪೆಟ್ಟಿಗೆ ಸಿಕ್ಕಿದ್ದರೆ ಆಟದ ಹೆಸರು ಏನಾಗುತ್ತಿತ್ತೋ! ಹದಿಮೂರು ನಿಯಮಗಳನ್ನು ಬರೆದು, ಬೆರಳಚ್ಚು ಮಾಡಿಸಿ, ಎರಡು ಹಾಳೆಗಳನ್ನು ಗೋಡೆಗೆ ಅಂಟಿಸಿದರು. 1891ರ ಡಿಸೆಂಬರ್ 21ರಂದು ಹದಿನೆಂಟು ಮಂದಿಯನ್ನು ಒಂಬತ್ತರಂತೆ ಎರಡು ಪಂಗಡ ಮಾಡಿ ಆಡಿಸಲಾಯಿತು. ಇಡೀ ಆಟದಲ್ಲಿ ಬುಟ್ಟಿಗೆ ಬಿದ್ದುದು ಒಂದೇ ಚೆಂಡು. ಹಾಕಿದವನು ವಿಲಿಯಂ ಚೇಸ್. ಆದರೆ ಬಂಡೆದ್ದಿದ್ದ ತರಗತಿ ಆಟ ನಿಲ್ಲಿಸಲು ಒಪ್ಪಲಿಲ್ಲ. ಆಟಕ್ಕೆ ನೈಸ್ಮಿತ್ ಅವರ ಹೆಸರನ್ನೇ ಇಡಬೇಕೆಂದು ಫ್ರಾಂಕ್ ಮಹಾನ್ ಎಂಬ ವಿದ್ಯಾರ್ಥಿ ಸೂಚಿಸಿದಾಗ ಅವರು ನಕ್ಕು ತಳ್ಳಿಹಾಕಿದರು. ಬುಟ್ಟಿ ಇದೆ, ಚೆಂಡು ಇದೆ, ಬ್ಯಾಸ್ಕೆಟ್‌ಬಾಲ್ ಎಂದೇಕೆ ಕರೆಯಬಾರದೆಂದು ಅದೇ ವಿದ್ಯಾರ್ಥಿ ಕೇಳಿದನು. ಅದು ನಿಂತಿತು.

ಬಳಿಕ ಆಟವೇ ತನಗೆ ಬೇಕಾದ ಸಲಕರಣೆಗಳನ್ನು ಒಂದೊಂದಾಗಿ ಕೇಳಿ ಪಡೆಯಿತು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಯಾರಾದರೂ ಹತ್ತಿ ತೆಗೆಯಬೇಕಾಗಿತ್ತು. ಆದ್ದರಿಂದ ಹಣ್ಣಿನ ಬುಟ್ಟಿ ಹೋಗಿ ಕಬ್ಬಿಣದ ಬಳೆಯೂ ಬಲೆಯೂ ಬಂದುವು. ಕೆಲವು ವರ್ಷಗಳ ತರುವಾಯ ಬಲೆಯ ತಳವನ್ನೂ ತೆರೆದುಬಿಟ್ಟರು. ಮೇಲ್ಪಡಸಾಲೆಯಲ್ಲಿ ಕುಳಿತ ಪ್ರೇಕ್ಷಕರು ತಮ್ಮ ಪಂಗಡಕ್ಕೆ ಅನುಕೂಲವಾಗುವಂತೆ ಕೈ ಚಾಚಿ ಚೆಂಡನ್ನು ತಳ್ಳುತ್ತಿದ್ದರು. ಅದನ್ನು ತಡೆಯಲೆಂದು ಬಳೆಯ ಹಿಂದೆ ಮೊದಲು ತಂತಿಯ ಜಾಲರಿಯನ್ನೂ ಆಮೇಲೆ ಹಲಗೆಯನ್ನೂ ನಿಲ್ಲಿಸಿದರು. ತಡೆಗೆಂದು ಬಂದ ಹಲಗೆ ಚೆಂಡನ್ನು ಪುಟಿಸಿ ಬಳೆಗೆ ಹಾಕುವ ಹೊಸ ಕೌಶಲಕ್ಕೆ ದಾರಿಮಾಡಿತು. ಸಾಕರಿನ ಚೆಂಡಿನ ಸ್ಥಾನದಲ್ಲಿ 1894ರಲ್ಲಿ ಈ ಆಟಕ್ಕೆಂದೇ ಮಾಡಿದ ಚೆಂಡು ಬಂದಿತು. ಹಿಡಿದು ಓಡಬಾರದೆಂಬ ನಿಯಮಕ್ಕೆ ಆಟಗಾರರು ಬುದ್ಧಿವಂತಿಕೆಯ ಉತ್ತರವೊಂದನ್ನು ಕಂಡುಕೊಂಡರು: ಚೆಂಡನ್ನು ನೆಲಕ್ಕೆ ಪುಟಿಸುತ್ತ ಮುನ್ನಡೆದರು. ಇಂದಿನ ಡ್ರಿಬಲ್ ಹುಟ್ಟಿದ್ದು ಹೀಗೆ. ತಮ್ಮ ನಿಯಮವನ್ನು ಹೀಗೆ ದಾಟಿದ್ದಕ್ಕೆ ನೈಸ್ಮಿತ್ ಸಿಟ್ಟಾಗಲಿಲ್ಲ, ಮೆಚ್ಚಿಕೊಂಡರು. 1892ರಲ್ಲಿ ಸಮೀಪದ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್‌ಸನ್ ಈ ಆಟವನ್ನು ಹೆಣ್ಣುಮಕ್ಕಳಿಗೆ ಕಲಿಸಿದರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಡಿದ ಮೊದಲ ಮಹಿಳೆಯರಲ್ಲಿ ಒಬ್ಬರಾದ ಮಾಡ್ ಶರ್ಮನ್ ಅವರನ್ನು ನೈಸ್ಮಿತ್ 1894ರಲ್ಲಿ ಮದುವೆಯಾದರು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತವರು ದೇಶದೇಶಗಳಿಗೆ ಹೋಗುತ್ತಿದ್ದರು. ಆಟವೂ ಅವರ ಜೊತೆ ಹೋಯಿತು. ಅಲ್ಲಿಯೇ ಓದಿದ್ದ ಎಚ್. ಸಿ. ಬಕ್ ಎಂಬವರು ಭಾರತಕ್ಕೆ ಬಂದು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯನ್ನು ತೆರೆದರು. ಮುಂದೆ ಅದೇ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜೆಂದು ಪ್ರಸಿದ್ಧವಾಯಿತು. 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಗೆ ವಿದ್ಯಾಭ್ಯಾಸದ ವಿಷಯದಲ್ಲಿ ಮದರಾಸೇ ರಾಜಧಾನಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳಲ್ಲಿ ಹಿಮವಿಲ್ಲ. ಹಿಮಕ್ಕೆ ಹೆದರಿ ಒಳಾಂಗಣದಲ್ಲಿ ಹುಟ್ಟಿದ ಆಟಕ್ಕೆ ಇಲ್ಲಿ ಮೇಲ್ಛಾವಣಿಯ ಅಗತ್ಯವೇ ಇಲ್ಲ. ಸಮತಟ್ಟಾದ ಕೆಮ್ಮಣ್ಣಿನ ಬಯಲು, ಎರಡು ಕಂಬ, ಎರಡು ಬಳೆ, ಒಂದು ಚೆಂಡು ಇದ್ದರೆ ಹತ್ತು ಮಂದಿ ಆಡಬಹುದು. ದುಬಾರಿ ಸಾಮಗ್ರಿಯಿಲ್ಲದ ಶಾಲೆಗೂ ಎಟಕುವ ಆಟವಿದು.

ನೈಸ್ಮಿತ್ ಒಂದೇ ಕಡೆ ನಿಲ್ಲುವವರಲ್ಲ. 1895ರಲ್ಲಿ ಡೆನ್ವರ್ ನಗರಕ್ಕೆ ಹೋಗಿ, ಹಗಲು ವೈ.ಎಂ.ಸಿ.ಎ.ಯಲ್ಲಿ ದುಡಿಯುತ್ತ ವೈದ್ಯಶಾಸ್ತ್ರವನ್ನು ಕಲಿತು, 1898ರಲ್ಲಿ ವೈದ್ಯ ಪದವಿ ಪಡೆದರು. ಅದೇ ವರ್ಷ ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾರ್ಥನಾ ಮಂದಿರದ ನಿರ್ದೇಶಕರಾಗಿಯೂ ದೈಹಿಕ ಶಿಕ್ಷಣದ ಅಧ್ಯಾಪಕರಾಗಿಯೂ ನೇಮಕಗೊಂಡರು. ಉಳಿದ ಆಯುಷ್ಯವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಕಳೆಯಿತು. ಆ ವಿಶ್ವವಿದ್ಯಾನಿಲಯದ ಮೊದಲ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 1907ರವರೆಗೆ ಅವರೇ ತರಬೇತುದಾರರು. ಗೆದ್ದ ಪಂದ್ಯಗಳು 55, ಸೋತವು 60. ಅಲ್ಲಿಯ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವುದು ಆಟವನ್ನು ಕಂಡುಹಿಡಿದವರೊಬ್ಬರ ಲೆಕ್ಕದಲ್ಲಿ ಮಾತ್ರ! ಇದರಿಂದ ಅವರು ಲೇಶವೂ ನೊಂದಂತೆ ಕಾಣುವುದಿಲ್ಲ. ಈ ಆಟವನ್ನು ಆಡಬೇಕೇ ಹೊರತು ಕಲಿಸುವುದು ಏನೂ ಇಲ್ಲವೆಂದು ಅವರು ಶಿಷ್ಯ ಫಾರೆಸ್ಟ್ ಆಲನ್‌ಗೆ ಹೇಳಿದ್ದರಂತೆ. ಆ ಶಿಷ್ಯನು ಗುರುವಿನ ಮಾತನ್ನು ಒಪ್ಪದೆ ಅಮೆರಿಕದ ಹೆಸರಾಂತ ತರಬೇತುದಾರನಾದನು. ಈ ವಿಷಯದಲ್ಲಿ ಶಿಷ್ಯನ ಪಕ್ಷವೇ ಸರಿಯೆಂದು ಒಪ್ಪಬೇಕಾಗುತ್ತದೆ.

ಏಕೆಂದರೆ ನೈಸ್ಮಿತ್ ಅವರು ಮೇಲೆತ್ತಿದ ಆ ಬುಟ್ಟಿಯೇ ಆಟಗಾರನ ಕಾಲಿಗೆ ಹೊಸ ಪರೀಕ್ಷೆಯನ್ನು ಒಡ್ಡಿತ್ತು. 165 ಸೆಂಟಿಮೀಟರ್ ಎತ್ತರದ ಹುಡುಗ ಕೈಯೆತ್ತಿ ನಿಂತರೆ ಬೆರಳತುದಿ ಸುಮಾರು 215 ಸೆಂಟಿಮೀಟರ್ ಮುಟ್ಟುತ್ತದೆ. ಬಳೆಗೆ ಇನ್ನೂ 90 ಸೆಂಟಿಮೀಟರ್ ಉಳಿಯುತ್ತದೆ. ಸಾಮಾನ್ಯ ಹುಡುಗನ ಜಿಗಿತ ಇದರ ಅರ್ಧದಷ್ಟು ಇದ್ದೀತು. ಆ ಅಂತರವನ್ನು ತುಂಬುವ ಹಂಬಲದಿಂದ ಇಂದು ನಾನಾ ಸಾಧನಗಳು ಅಂಗಡಿಗೆ ಬಂದಿವೆ: ಕಣಕಾಲಿಗೆ ಕಟ್ಟುವ ತೂಕದ ಚೀಲ, ತೊಡೆಗೆ ಬಿಗಿಯುವ ರಬ್ಬರ್ ಪಟ್ಟಿ, ಹಾರಿ ಹತ್ತುವ ಪೆಟ್ಟಿಗೆ, ಬೆನ್ನಿಗೆ ಕಟ್ಟಿ ಓಡುವ ಪ್ಯಾರಾಚೂಟ್. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ನೈಸ್ಮಿತ್ ಅವರ ಕ್ರಮವೇ ದಾರಿದೀಪ. ಮೊದಲು ಜಿಗಿತವೆಂದರೇನೆಂದು ಬಿಡಿಸಿ ನೋಡಬೇಕು. ನೆಗೆಯುವ ಮುನ್ನ ಮಂಡಿ ಬಾಗುತ್ತದೆ. ತೊಡೆ ಮತ್ತು ಮೀನಖಂಡಗಳ ಸ್ನಾಯುಗಳೂ ಹಿಮ್ಮಡಿಯ ಸ್ನಾಯುರಜ್ಜುವೂ ಸ್ಪ್ರಿಂಗಿನಂತೆ ಹಿಗ್ಗಿ ಥಟ್ಟನೆ ಕುಗ್ಗುತ್ತವೆ. ಆದುದರಿಂದ ಇಲ್ಲಿ ಎರಡು ಗುಣಗಳು ಬೇಕು, ಬಲ ಮತ್ತು ಆ ಬಲವನ್ನು ಕ್ಷಣಾರ್ಧದಲ್ಲಿ ಹೊರಹಾಕುವ ಚುರುಕು. ಬಲಕ್ಕೆ ಗರಡಿಯ ಬಸ್ಕಿಯನ್ನು ಮೀರಿದ ಸುಲಭ ಸಾಧನವಿಲ್ಲ. ಅದು ಸಲೀಸಾದ ಮೇಲೆ ಹೆಗಲ ಮೇಲೆ ತೂಕ ಹೊರಬಹುದು. ಚುರುಕಿಗೆ ಹಗ್ಗದಾಟ ಸಾಕಷ್ಟು ನೆರವಾಗುತ್ತದೆ. ಹಗ್ಗದ ಪ್ರತಿ ಸುತ್ತಿಗೂ ಪಾದ ನೆಲವನ್ನು ಸೋಕಿದೊಡನೆ ಮೇಲೇಳಲೇಬೇಕು. ಪೆಟ್ಟಿಗೆಯಿಂದ ಕೆಳಕ್ಕೆ ಹಾರಿ ಕೂಡಲೇ ಮೇಲಕ್ಕೆ ನೆಗೆಯುವ ಸಾಧನೆಯನ್ನು 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಷಾನ್‌ಸ್ಕಿ ಶಾಸ್ತ್ರೀಯವಾಗಿ ರೂಪಿಸಿದರು. ಅದು ಫಲಕಾರಿಯಾದರೂ ಕಾಲು ಬಲಿತವರಿಗೆ, ಮೆತ್ತನೆಯ ನೆಲದ ಮೇಲೆ, ಸಾಕಷ್ಟು ವಿರಾಮದೊಡನೆ ಮಾತ್ರ ತಕ್ಕದ್ದು. ಎಳೆಯ ಮಂಡಿಗಳಿಗೆ ಅದರ ಆತುರ ಸಲ್ಲದು. ಕಣಕಾಲಿಗೆ ಭಾರ ಕಟ್ಟಿಕೊಂಡು ಓಡಿದರೆ ಓಟದ ಲಯ ಕೆಡುವುದೇ ಹೆಚ್ಚು. ವೇಗ ಬೇಕಾದವನಿಗೆ ಇಪ್ಪತ್ತು ಮೀಟರಿನ ಬಯಲು, ಪೂರ್ಣ ಶಕ್ತಿಯ ಓಟ, ನಡುವೆ ವಿಶ್ರಾಂತಿ ಇದ್ದರೆ ಪ್ಯಾರಾಚೂಟಿಗೆ ಹಣ ಸುರಿಯಬೇಕಾಗಿಲ್ಲ.

ಒಂದನೆಯ ಮಹಾಯುದ್ಧದ ಕಾಲದಲ್ಲಿ, 1917ರಿಂದ 1919ರವರೆಗೆ, ನೈಸ್ಮಿತ್ ಫ್ರಾನ್ಸಿನಲ್ಲಿದ್ದು ಸೈನಿಕರ ನಡುವೆ ಸೇವೆ ಸಲ್ಲಿಸಿದರು. 1925ರಲ್ಲಿ ಅಮೆರಿಕದ ಪೌರತ್ವ ಪಡೆದರು. ಆಟ ದೇಶವನ್ನೆಲ್ಲ ವ್ಯಾಪಿಸಿ, ಸಲಕರಣೆಗಳ ತಯಾರಕರು ಲಾಭ ಗಳಿಸುತ್ತಿದ್ದರೂ ಅದನ್ನು ಹುಟ್ಟಿಸಿದವರ ಮನೆಯಲ್ಲಿ ಹಣದ ಮುಗ್ಗಟ್ಟು ತಪ್ಪಲಿಲ್ಲ. ಆ ಆಟದಿಂದ ಹಣ ಮಾಡುವ ಯೋಚನೆಯನ್ನೇ ಅವರು ಮಾಡಲಿಲ್ಲ. ತಾವೇ ಅದನ್ನು ಪಂದ್ಯವಾಗಿ ಆಡಿದ್ದು ಜೀವಮಾನದಲ್ಲಿ ಎರಡೇ ಸಲವಂತೆ.

ಅವರ ವೃದ್ಧಾಪ್ಯದ ಒಂದು ಸಂಗತಿ ವಿಶೇಷವಾಗಿ ಹೇಳಬೇಕಾದದ್ದು. 1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕರಿಯ ಜನಾಂಗದ ತರುಣ ಕ್ಯಾನ್ಸಸ್‌ಗೆ ದೈಹಿಕ ಶಿಕ್ಷಣ ಕಲಿಯಲು ಬಂದನು. ಅಂದು ಆ ವಿಶ್ವವಿದ್ಯಾನಿಲಯದ ತಂಡದಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ಬಳೆ ಎಲ್ಲರಿಗೂ ಹತ್ತೇ ಅಡಿ; ಆದರೆ ಅದರ ಕೆಳಗೆ ನಿಲ್ಲುವ ಹಕ್ಕು ಎಲ್ಲರಿಗೂ ಇರಲಿಲ್ಲ. ನೈಸ್ಮಿತ್ ಆ ತರುಣನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಅವನ ಹಾದಿಯ ತೊಡಕುಗಳನ್ನು ನಿವಾರಿಸಲು ತಮ್ಮಿಂದಾದುದನ್ನು ಮಾಡಿದರು. ಆಡಲು ಅವಕಾಶ ದೊರೆಯದ ಮೆಕ್‌ಲೆಂಡನ್ ಮುಂದೆ ತರಬೇತುದಾರನಾಗಿ, ಚೆಂಡು ಕೈಸೇರಿದೊಡನೆ ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲೇ ಮಿಂಚಿನಂತೆ ಮುನ್ನುಗ್ಗುವ ವೇಗದ ಆಟವನ್ನು ಬೆಳೆಸಿದನು. ಇಂದಿನ ಬ್ಯಾಸ್ಕೆಟ್‌ಬಾಲಿನ ವೇಗಕ್ಕೆ ಅವನ ಕೊಡುಗೆ ದೊಡ್ಡದು.

1936ರಲ್ಲಿ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಬ್ಯಾಸ್ಕೆಟ್‌ಬಾಲಿಗೆ ಸ್ಥಾನ ದೊರೆಯಿತು. ಎಪ್ಪತ್ತೈದರ ಹೊಸ್ತಿಲಲ್ಲಿದ್ದ ನೈಸ್ಮಿತ್ ಅವರಿಗೆ ಅಲ್ಲಿಗೆ ಹೋಗುವಷ್ಟು ಅನುಕೂಲವಿರಲಿಲ್ಲ. ಅಮೆರಿಕದ ಶಾಲಾಕಾಲೇಜುಗಳ ಪಂದ್ಯಗಳಲ್ಲಿ ಪ್ರೇಕ್ಷಕರಿಂದ ಕಾಸುಕಾಸಾಗಿ ಹಣ ಕೂಡಿಸಿ ಅವರನ್ನು ಕಳುಹಿಸಿಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ದೇಶಗಳ ತಂಡಗಳು ಆ ವೃದ್ಧ ಶಿಕ್ಷಕರ ಮುಂದೆ ತಮ್ಮ ತಮ್ಮ ಬಾವುಟಗಳೊಡನೆ ಸಾಗಿದಾಗ ಅವರ ಕಣ್ಣು ತೇವಗೊಂಡಿದ್ದರೆ ಆಶ್ಚರ್ಯವಿಲ್ಲ. ಪಂದ್ಯಗಳು ಮಾತ್ರ ನಡೆದದ್ದು ಬಯಲಿನಲ್ಲಿ, ಟೆನಿಸ್ ಆಡುವ ಮಣ್ಣಿನ ಅಂಗಳಗಳಲ್ಲಿ. ಆಗಸ್ಟ್ 14ರ ಅಂತಿಮ ಪಂದ್ಯದ ದಿನ ಜಡಿಮಳೆ. ಅಂಗಳ ಕೆಸರುಗದ್ದೆಯಾಯಿತು, ಚೆಂಡು ಪುಟಿಯಲಿಲ್ಲ, ಡ್ರಿಬಲ್ ಅಸಾಧ್ಯವಾಗಿ, ನಾಲ್ಕೂವರೆ ದಶಕಗಳ ಹಿಂದಿನಂತೆ ಎಸೆದು ಹಿಡಿಯುವ ಆಟವೊಂದೇ ಉಳಿಯಿತು. ಸೆಣಸಿದವು ನೈಸ್ಮಿತ್ ಹುಟ್ಟಿದ ಕೆನಡಾ ಮತ್ತು ಅವರ ಆಟ ಹುಟ್ಟಿದ ಅಮೆರಿಕ. ಅಮೆರಿಕ 19–8ರಿಂದ ಗೆದ್ದಿತು. ಪದಕಗಳನ್ನು ನೈಸ್ಮಿತ್ ಅವರೇ ನೀಡಿದರು.

ಹೃದ್ರೋಗದಿಂದ ಬಳಲುತ್ತಿದ್ದ ಪತ್ನಿ ಮಾಡ್ ಮರುವರ್ಷ ತೀರಿಕೊಂಡರು. ಅದುವರೆಗೆ ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಅಂಗಳದ ನಡುವೆ ಇಬ್ಬರು ಆಟಗಾರರು ಎದುರುಬದುರಾಗಿ ಚೆಂಡಿಗಾಗಿ ಜಿಗಿಯುವ ನಿಯಮವಿತ್ತು. 1937ರಲ್ಲಿ ಅಮೆರಿಕದಲ್ಲಿ ಅದನ್ನು ತೆಗೆದುಹಾಕಿದಾಗ ನೈಸ್ಮಿತ್ ಅವರಿಗೆ ಸಮ್ಮತವಾಗಲಿಲ್ಲ. ಎರಡು ಪಂಗಡಗಳಿಗೂ ಸಮಾನ ಅವಕಾಶ ಕೊಡುವ ನಿಯಮ ಅದೆಂದು ಅವರ ನಂಬಿಕೆ. ಆದರೆ ಆ ಜಿಗಿತ ಹೋದ ಮೇಲೆ ಆಟಕ್ಕೆ ಬಂದ ವೇಗವನ್ನು ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ. ಆಟ ಅದನ್ನು ಹುಟ್ಟಿಸಿದವರ ಕೈಮೀರಿ ಬೆಳೆದಿತ್ತು. 1939ರ ನವೆಂಬರ್ 28ರಂದು ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣದಲ್ಲಿ ನೈಸ್ಮಿತ್ ಕಾಲವಾದರು. ಆಟದ ಹುಟ್ಟು ಬೆಳವಣಿಗೆಗಳನ್ನು ಕುರಿತು ಅವರು ಬರೆದಿದ್ದ ಪುಸ್ತಕ 1941ರಲ್ಲಿ ಪ್ರಕಟವಾಯಿತು.

ಅಂದು ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಗಳನ್ನು ಫ್ರಾಂಕ್ ಮಹಾನ್ ನೆನಪಿಗಾಗಿ ಎತ್ತಿಕೊಂಡು ಹೋಗಿ, ಬಳಿಕ ಗುರುಗಳಿಗೆ ಮರಳಿಸಿದ್ದನು. 2010ರಲ್ಲಿ ಆ ಎರಡು ಹಾಳೆಗಳು ನಲವತ್ತಮೂರು ಲಕ್ಷ ಡಾಲರಿಗೆ ಹರಾಜಾದವು. ಕೊಂಡವರು ಅವನ್ನು ನೈಸ್ಮಿತ್ ನಾಲ್ಕು ದಶಕ ದುಡಿದ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೇ ತಂದರು. ಅಲ್ಲಿ ಈಗ ಅವು ಗಾಜಿನ ಹಿಂದೆ ಇವೆ.